ಅಕ್ಕನಿಗೊಂದು ಕಾಗದ

ನಮ್ಮಕ್ಕ ನವಲಗುಂದದಲ್ಲಿ ಮಗನ ಮನೆಯಲ್ಲಿದ್ದಾಳೆ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಮುಲ್ಕಿ ಪಾಸಾದವಳು. ಈಗಿನವರಿಗೆ ಮುಲ್ಕಿ ಅಂದರೆ ಗೊತ್ತಾಗಲಿಕ್ಕಿಲ್ಲ. ನಮ್ಮ ಮುಂಬೈ ಕರ್ನಾಟಕದ ಕಡೆ ಏಳನೆಯ ಇಯತ್ತೆಯ ಪರೀಕ್ಷೆಗೆ ಹಾಗನ್ನುತ್ತಿದ್ದರು. ಅಷ್ಟು ಓದಿದವರು ಕನ್ನಡ ಸಾಲಿ ಮಾಸ್ತರರಾಗುತ್ತಿದ್ದ ಕಾಲವೂ ಒಂದಿತ್ತು. ಅಕ್ಕ ಮಾಸ್ತರಳಾಗಲಿಲ್ಲ, ಮದುವೆ ಮಾಡಿಕೊಟ್ಟರು. ಆದರೆ ಮಾಸ್ತರಿಕೆಯನ್ನು ಬಿಡಲಿಲ್ಲ. ಅದನ್ನು ನಮ್ಮೆಲ್ಲರ ಮೇಲೂ ನಡೆಸಿದಳು. ನನಗೆ ಪಾಟಿಯ ಮೇಲೆ ಅಕ್ಷರ ತಿದ್ದಿಸಿದವಳು ಅವಳೇ.

ಅಕ್ಕನಿಗೆ ಕಿವಿ ಕೇಳಿಸುವುದು ಕಮ್ಮಿಯಾಗುತ್ತ ಬಂದು ಕೊನೆಗೆ ಪೂರಾ ನಿಂತೇ ಹೋಯಿತು. ಮಗ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಮಷೀನು ಹಾಕಿಸಿದ. ಎರಡು ದಿನ ಹಾಕಿಕೊಂಡಳು. 'ಬರೇ ಭರ್ರ್ ಅಂತದ, ಹಿಟ್ಟಿನ ಗಿರಣ್ಯಾಗ ಕುಂತಂಗ ಆಗತದ' ಅಂತ ತೆಗೆದು ಅಡಿಕೆ ಡಬ್ಬಿಯೊಳಗೆ ಇಟ್ಟಳು. ಅದು ಇನ್ನೂ ಅಲ್ಲೇ ಇದೆ. ಫೋನಿನ ಮಾತಂತೂ ಮುಗಿಯಿತು. ವಿಡಿಯೋ ಕಾಲ್ ಮಾಡಿದರೆ ನನ್ನ ಮುಖ ನೋಡಿ 'ಆರಾಮಿದ್ದೀಯೇನೋ?' ಅಂತ ಓಣಿಗೆಲ್ಲ ಕೇಳಿಸುವ ಹಾಗೆ ಕೂಗುತ್ತಾಳೆ. ನಾನು ತಲೆ ಆಡಿಸುತ್ತೇನೆ. ಆಮೇಲೆ ಅವಳ ಕೈಯೊಳಗಿನ ಫೋನು ವಾಲುತ್ತದೆ. ನಾನು ಐದು ನಿಮಿಷ ಅವರ ಮನೆಯ ಫ್ಯಾನು ನೋಡುತ್ತ ಕೂಡುತ್ತೇನೆ.

2023ರ ದೀಪಾವಳಿಗೆ ಹೋಗಿದ್ದೆ. ಹೊರಡುವ ದಿನ ನನ್ನ ಕೈಗೆ ಶೇಂಗಾ ಹೋಳಿಗೆಯ ಗಂಟು ಕೊಡುತ್ತ ಅಕ್ಕ ಹೇಳಿದಳು: 'ಕಾಗದ ಬರಿಯೋ, ಮೊದಲಿನಂಗ. ಕಣ್ಣು ನೆಟ್ಟಗ ಅದಾವ ನನ್ನವು. ಆಪರೇಶನ್ ಮಾಡಿಸೀನಿ.'

'ಬರೀತೀನಿ' ಅಂತ ಕೈಸನ್ನೆ ಮಾಡಿ ಬಂದೆ.

ಅಲ್ಲಿಂದ ಏಳು ತಿಂಗಳು ನಾನು ಒಂದಕ್ಷರ ಬರೆಯಲಿಲ್ಲ. ಆಲಸ್ಯಕ್ಕೆ ಅಂತ ನೀವು ತಿಳಿದರೆ ಅದು ತಪ್ಪು. ಆ ಏಳು ತಿಂಗಳಲ್ಲಿ ನಾನು ಆ ಕಾಗದಕ್ಕಾಗಿ ಪಟ್ಟಷ್ಟು ಕಷ್ಟವನ್ನು ಎಂ.ಕಾಂ. ಪರೀಕ್ಷೆಗೂ ಪಟ್ಟಿರಲಿಲ್ಲ.

ಮೊದಲು ಕಾಗದದ ಮೇಲೆ ಬರೆಯುವ ಕಾಗದ ಬೇಕಲ್ಲ. ಡೊಂಬಿವಲಿ ಸ್ಟೇಶನ್ನಿನ ಹತ್ತಿರ ಒಂದು ಸ್ಟೇಶನರಿ ಅಂಗಡಿಯಲ್ಲಿ ದಪ್ಪನ್ನ ಗೆರೆಯಿಲ್ಲದ ಪ್ಯಾಡ್ ಸಿಕ್ಕಿತು. ಗೆರೆಯಿಲ್ಲದ್ದರ ಮೇಲೆ ನನ್ನ ಸಾಲು ಮೇಲಕ್ಕೆ ಏರುತ್ತವೆ ಅಂತ ಮನೆಗೆ ಬಂದ ಮೇಲೆ ನೆನಪಾಯಿತು. ಮತ್ತೆ ಹೋಗಿ ಗೆರೆಯದ್ದು ತಂದೆ. ಶಾಯಿಯ ಪೆನ್ನು ತಂದೆ. ಕಾಗುಣಿತ ತಪ್ಪಬಾರದು ಅಂತ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟನ್ನು ಮಾಳಿಗೆಯಿಂದ ಇಳಿಸಿ ಧೂಳು ಒರೆಸಿ ಟೇಬಲ್ಲಿನ ಬಲಗಡೆ ಇಟ್ಟೆ. ಇಷ್ಟೆಲ್ಲ ಆಗುವಾಗ ಸಂಕ್ರಮಣ ಬಂತು.

ಆಮೇಲೆ ಒಕ್ಕಣೆ. 'ತೀರ್ಥರೂಪ' ಅಂತ ಬರೆಯಬೇಕೋ, 'ಮಾತೃಸಮಾನ' ಅಂತಲೋ? ತೀರ್ಥರೂಪ ಅನ್ನುವುದು ತಂದೆತಾಯಿಗೆ. ಅಕ್ಕನಿಗೆ ನಾನು ಮೊದಲು ಏನು ಬರೆಯುತ್ತಿದ್ದೆ? ನೆನಪಾಗಲಿಲ್ಲ. 'ಇತ್ತ ಕಡೆ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮದ ಬಗ್ಗೆ ಆಗಾಗ ಬರೆಯುತ್ತಿರಬೇಕು' ಅಂತ ಒಂದು ವಾಕ್ಯ ಇದ್ದೇ ಇತ್ತು, ಅದೂ ಈಗ ನಾಟಕದ ಮಾತಿನ ಹಾಗೆ ಕಂಡಿತು. ಹೆಂಡತಿ ಒಂದು ದಿನ ಅಂದಳು: 'ಏನ್ರಿ, ಅಕ್ಕಾ ಅಂತ ಬರದು ಮುಂದ ಹೋಗಬಾರದೇನು?' ಆಕೆ ವಿಜಾಪುರದವಳು, ಆಕೆಗೆ ಎಲ್ಲವೂ ಸಲೀಸು. ನಾನು ಸಿಟ್ಟಿಗೆದ್ದು, 'ಪತ್ರಕ್ಕೊಂದು ಪದ್ಧತಿ ಇರತದ' ಅಂದೆ.

ಊರಿನಲ್ಲಿರುವ ನಿಮಗೆ ಇದು ವಿಚಿತ್ರ ಅನಿಸಬಹುದು. ಕನ್ನಡದವನು ಕನ್ನಡದಲ್ಲಿ ಒಂದು ಕಾಗದ ಬರೆಯಲು ಇಷ್ಟು ಹೆಣಗಬೇಕೆ? ನಮ್ಮ ಪರಿಸ್ಥಿತಿ ಸ್ವಲ್ಪ ಕೇಳಿ. ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮುಗಿಸಿ 1981ರಲ್ಲಿ ಬ್ಯಾಂಕಿನ ಕ್ಲಾರ್ಕ್ ಆಗಿ ಮುಂಬೈಗೆ ಬಂದೆ. ಕಾಯಿಪಲ್ಲೆಯವನ ಹತ್ತಿರ ಮರಾಠಿ, ಟ್ಯಾಕ್ಸಿಯವನ ಹತ್ತಿರ ಹಿಂದಿ, ಆಫೀಸಿನಲ್ಲಿ ಇಂಗ್ಲಿಷು, ಮನೆಯ ಹೊಸ್ತಿಲೊಳಗೆ ಧಾರವಾಡದ ಕನ್ನಡ. ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ನಾಟಕ ನೋಡಿದ್ದೇನೆ, ಭಾಷಣ ಕೇಳಿದ್ದೇನೆ, ಪೇಪರು ಓದಿದ್ದೇನೆ. ಆಡುವುದು, ಕೇಳುವುದು, ಓದುವುದು ಮೂರೂ ಉಳಿದವು. ಬರೆಯುವುದು ಮಾತ್ರ ಕೈ ಬಿಟ್ಟಿತು. ಸಹಿ ಕೂಡ ಇಂಗ್ಲಿಷಿನದೇ. ಊರಿಗೆ ಎಸ್‌ಟಿಡಿ ಸಿಗುವಂತಾದ ಮೇಲೆ ಕಾಗದಗಳು ತೆಳ್ಳಗಾದವು, ಮೊಬೈಲು ಬಂದ ಮೇಲೆ ನಿಂತವು.

ಮೊದಲು ಹಾಗಿರಲಿಲ್ಲ. 1980ರ ದಶಕದಲ್ಲಿ ಹದಿನೈದು ದಿನಕ್ಕೊಂದು ನೀಲಿ ಇನ್‌ಲ್ಯಾಂಡ್ ಬರೆಯುತ್ತಿದ್ದೆ. ಅದಕ್ಕೂ ನನ್ನದೊಂದು ಕ್ರಮ. ಹಾಳಿಯ ಮೇಲೆ ಮೊದಲು ಕಚ್ಚಾ ಬರೆದು, ತಿದ್ದಿ, ಆಮೇಲೆ ಇನ್‌ಲ್ಯಾಂಡಿನ ಮೇಲೆ ಚೆಂದಗೆ ಇಳಿಸುತ್ತಿದ್ದೆ. ಕಾಟು ಹೊಡೆದದ್ದು ಒಂದೂ ಇರುತ್ತಿರಲಿಲ್ಲ. ಅಕ್ಕನ ಉತ್ತರಗಳು ಹೇಗಿರುತ್ತಿದ್ದವು ಅಂದರೆ, ಜಾಗ ಮುಗಿದ ಮೇಲೆ ಅಂಚಿನಲ್ಲಿ, ಮಡಚುವ ಕಿವಿಯ ಮೇಲೆ, ನನ್ನ ವಿಳಾಸದ ಪಕ್ಕದಲ್ಲೂ ಬರೆದಿರುತ್ತಿದ್ದಳು. ಎಮ್ಮೆ ಈದದ್ದು, ಯಾರೋ ಬಾವಿಗೆ ಬಿದ್ದದ್ದು, ಅವ್ವನ ಮೊಣಕಾಲು ನೋವು ಎಲ್ಲ ಅದರಲ್ಲೇ. ಒಮ್ಮೆ ಬರೆದಿದ್ದಳು: 'ನಿನ್ನ ಕಾಗದದಾಗ ತಪ್ಪು ಒಂದೂ ಇಲ್ಲ. ಸುದ್ದಿನೂ ಒಂದೂ ಇಲ್ಲ.' ನಾನು ಆಗ ಅದರ ಮೊದಲನೆಯ ವಾಕ್ಯವನ್ನಷ್ಟೇ ಓದಿ ಖುಷಿಪಟ್ಟಿದ್ದೆ.

ನನ್ನ ಈ ಸ್ವಭಾವಕ್ಕೆ ಬ್ಯಾಂಕು ಸರಿಯಾಗಿ ಹೊಂದಿಕೊಂಡಿತೋ, ಬ್ಯಾಂಕಿನಿಂದಲೇ ಈ ಸ್ವಭಾವ ಬಲಿತಿತೋ ಹೇಳಲಾರೆ. ಆಗ ಕಂಪ್ಯೂಟರಿಲ್ಲ, ಎಲ್ಲ ಕೈಬರಹದ ಲೆಡ್ಜರು. ತಿಂಗಳ ಕೊನೆಗೆ ಸೇವಿಂಗ್ಸ್ ಲೆಡ್ಜರುಗಳ ಬಾಕಿಯನ್ನೆಲ್ಲ ಇಳಿಸಿ ಕೂಡಿಸಿದರೆ ಅದು ಜನರಲ್ ಲೆಡ್ಜರಿನ ಮೊತ್ತಕ್ಕೆ ತಾಳೆಯಾಗಬೇಕು. ಆಗುವುದಿಲ್ಲ. ಹದಿನೆಂಟು ರೂಪಾಯಿ ವ್ಯತ್ಯಾಸ ಬರುತ್ತದೆ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿದೆ, 64 ಅನ್ನುವುದನ್ನು 46 ಅಂತ ಬರೆದಿದ್ದಾರೆ ಅಂತ ಹುಡುಕಬೇಕು. ಸಮಸಂಖ್ಯೆಯಾದರೆ ಅರ್ಧ ಮಾಡಿ ಹುಡುಕಬೇಕು, ನಾವೆಯದ್ದು ಜಮಾದ ಕಡೆ ಬಿದ್ದಿರಬಹುದು. ಹದಿನೆಂಟಕ್ಕೆ ಎರಡೂ ಹೊಂದುತ್ತದೆ. ಹೀಗೆ ಹುಡುಕುತ್ತ ನಾನು ರಾತ್ರಿಯ ಕೊನೆಯ ಲೋಕಲ್ ತಪ್ಪಿಸಿಕೊಂಡದ್ದುಂಟು. ವ್ಯತ್ಯಾಸ ಸಿಕ್ಕಾಗಿನ ಸುಖವನ್ನು ಬ್ಯಾಂಕಿನವರಲ್ಲದವರಿಗೆ ವಿವರಿಸಲಾಗದು.

ನಮ್ಮ ಬ್ರಾಂಚಿನಲ್ಲಿ ರತ್ನಾಗಿರಿ ಕಡೆಯ ಹಿರಿಯ ಆಫೀಸರರೊಬ್ಬರಿದ್ದರು. ಬಾಯಲ್ಲಿ ಯಾವಾಗಲೂ ಅಡಿಕೆ ಚೂರು. ರಾತ್ರಿ ಒಂಬತ್ತಾದರೂ ನಾನು ಏಳದಿದ್ದರೆ ಬಂದು ಲೆಡ್ಜರ್ ಮುಚ್ಚುತ್ತಿದ್ದರು. 'ಆಧೀ ಲಿಹೀ, ಮಗ್ ಬಘೂ.' ಮೊದಲು ಬರಿ, ಆಮೇಲೆ ನೋಡೋಣ. ಅಂದರೆ ಸಿಗದ ವ್ಯತ್ಯಾಸವನ್ನು ಜಾಟಿಂಗ್ ಪುಸ್ತಕದಲ್ಲಿ ವ್ಯತ್ಯಾಸವೆಂದೇ ಬರೆದು ಸಹಿ ಹಾಕಿ ಮನೆಗೆ ಹೋಗು, ನಾಳೆ ಹುಡುಕು. ಗಿರಾಕಿಗೆ ಸಂಬಂಧಪಟ್ಟ ಮೊತ್ತ ಯಾವ ಖಾತೆಯದೆಂದು ತಿಳಿಯದಿದ್ದರೆ ಸಸ್ಪೆನ್ಸ್ ಖಾತೆಗೆ ಹಾಕಿ ಅವತ್ತಿನ ದಿನವನ್ನು ಮುಚ್ಚು. ಗೊತ್ತಿಲ್ಲ ಅನ್ನುವುದನ್ನು ಗೊತ್ತಿಲ್ಲ ಅಂತಲೇ ಬರೆಯಲು ಲೆಕ್ಕಶಾಸ್ತ್ರದಲ್ಲೇ ಒಂದು ಖಾತೆ ಇದೆ. ನಾನು ಅದನ್ನು ಎಂ.ಕಾಂ.ನಲ್ಲಿ ಓದಿದ್ದೆ, ನಲವತ್ತು ಸಲ ಆ ಖಾತೆಗೆ ನಮೂದು ಹಾಕಿದ್ದೆ. ಆದರೂ ಮನಸ್ಸಿಗೆ ಅದು ಸೋತವರ ಖಾತೆ ಅಂತಲೇ ಅನಿಸುತ್ತಿತ್ತು.

ಇನ್ನು ಅಸಲು ಮಾತಿಗೆ ಬರಬೇಕು. ಇಲ್ಲಿಯವರೆಗೆ ಸುತ್ತಾಡಿದ್ದೂ ಅದೇ ಸ್ವಭಾವವೇ.

ಅಕ್ಕನಿಗೆ ಕಾಗದ ಬರೆಯಲಾಗದ್ದಕ್ಕೆ ಒಕ್ಕಣೆ ಕಾರಣವಲ್ಲ, ಕಾಗುಣಿತವೂ ಅಲ್ಲ. ಪೆನ್ನು ಹಿಡಿದರೆ ಬರೆಯಬೇಕಾದ ಒಂದು ವಿಷಯ ಮುಂದೆ ಬಂದು ನಿಲ್ಲುತ್ತಿತ್ತು. ಅದನ್ನು ಬಿಟ್ಟು ಬೇರೆ ಏನು ಬರೆದರೂ ಸುಳ್ಳಾಗುತ್ತಿತ್ತು. ಅದನ್ನು ಬರೆಯುವುದಾದರೆ ಒಂದು ಶಬ್ದವೂ ಹೆಚ್ಚುಕಮ್ಮಿ ಆಗಬಾರದು ಅಂತ ನಾನು ಹಟ ಹಿಡಿದಿದ್ದೆ.

2005ರ ಜುಲೈ 24, ರವಿವಾರ. ನಾನಾಗ ಫೋರ್ಟಿನ ಒಂದು ಶಾಖೆಗೆ ಮ್ಯಾನೇಜರ್. ಮುಂಜಾನೆ ಎಂಟಕ್ಕೆ ಧಾರವಾಡದಿಂದ ಅಣ್ಣನ ಫೋನು. 'ಅವ್ವಗ ಅಷ್ಟ ಆರಾಮಿಲ್ಲೋ ತಮ್ಮಾ. ಡಾಕ್ಟರು ನೆಟ್ಟಗ ಏನೂ ಹೇಳವಲ್ಲರು. ಅಕ್ಕನೂ ಬಂದಾಳ. ನೀ ಬಂದರ ಚಲೋ.' ಸಾಯನ್‌ನಿಂದ ದಿನಾ ಸಂಜೆ ಹುಬ್ಬಳ್ಳಿ ಧಾರವಾಡಕ್ಕೆ ಬಸ್ಸುಗಳಿದ್ದವು. ಅವತ್ತು ಸಂಜೆ ಹತ್ತಿದ್ದರೆ ಸೋಮವಾರ ಬೆಳಗಾಗುವುದರೊಳಗೆ ಅವ್ವನ ಮುಂದೆ ಇರುತ್ತಿದ್ದೆ.

ಆದರೆ ನನ್ನ ಟೇಬಲ್ಲಿನ ಮೇಲೆ ಇನ್‌ಸ್ಪೆಕ್ಷನ್ ರಿಪೋರ್ಟಿನ ಉತ್ತರವಿತ್ತು. ನಲವತ್ತೇಳು ಆಕ್ಷೇಪಣೆಗಳು. ನಲವತ್ತೈದಕ್ಕೆ ಉತ್ತರ ಸಿದ್ಧವಿತ್ತು. ಉಳಿದ ಎರಡು ಜುಜುಬಿ, ಒಂದೆರಡು ಸಾಲದ ಕಾಗದಪತ್ರ ತಾಳೆ ನೋಡುವುದಿತ್ತು. 'ಬುಧವಾರ ಮುಂಜಾನೆ ಅಲ್ಲಿರ್ತೀನಿ' ಅಂದೆ ಅಣ್ಣನಿಗೆ. ಸೋಮವಾರ ನನ್ನ ಕೈಕೆಳಗಿನ ಆಫೀಸರ್ ಹೇಳಿದ, 'ಸಾಹೇಬ್, ತುಮ್ಹೀ ಜಾ, ಮೀ ಪಾಠವತೋ.' ನೀವು ಹೋಗಿ, ನಾನು ಕಳಿಸುತ್ತೇನೆ ಅಂತ. ಒಳ್ಳೆಯ ಹುಡುಗ. ನಾನು ಬೇಡ ಅಂದೆ. ಅವನು ಕಳಿಸಿದರೆ ಎಲ್ಲೋ ಒಂದು ಅಂಕಿ ತಪ್ಪುತ್ತದೆ ಅನ್ನುವುದು ನನ್ನ ಖಾತ್ರಿ.

ಮಂಗಳವಾರ 26ನೆಯ ತಾರೀಖು ಏನಾಯಿತೆಂದು ನಿಮಗೆಲ್ಲ ಗೊತ್ತು. ಸಾಂತಾಕ್ರೂಜಿನಲ್ಲಿ ಇಪ್ಪತ್ನಾಲ್ಕು ತಾಸಿನಲ್ಲಿ 944 ಮಿಲಿಮೀಟರ್ ಮಳೆ. ಆದರೆ ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಅವತ್ತೇ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್ ಮಾತ್ರ. ಫೋರ್ಟಿನಲ್ಲಿದ್ದ ನಮಗೆ ಅದು ಎಂದಿನ ಆಷಾಢದ ಮಳೆ. ಮಧ್ಯಾಹ್ನ ಲೋಕಲ್ ನಿಂತವು ಅಂದರು. ಮಳೆಗಾಲದಲ್ಲಿ ಅವು ನಿಲ್ಲುತ್ತಲೇ ಇರುತ್ತವೆ. ಸಂಜೆಗೆ ಮೊಬೈಲುಗಳೂ ನಿಂತವು. ಸಾಯನ್ ಕಡೆ ಕತ್ತಿನವರೆಗೆ ನೀರು, ಬಸ್ಸಿಲ್ಲ ಅಂತ ಯಾರೋ ಹೇಳಿದರು. ಬ್ಯಾಂಕಿನಲ್ಲೇ ಉಳಿದೆವು. ಉಳಿದವರು ಟೇಬಲ್ಲಿನ ಮೇಲೆ ಮಲಗಿದರು. ನಾನು ಮಲಗಲಿಲ್ಲ, ನಲವತ್ತೇಳನೆಯ ಆಕ್ಷೇಪಣೆಯ ಉತ್ತರ ಮುಗಿಸಿದೆ. ಅನುಬಂಧಗಳಿಗೆ ಟ್ಯಾಗ್ ಹಾಕಿ ಪುಟ ಸಂಖ್ಯೆ ಬರೆದಾಗ ರಾತ್ರಿ ಹನ್ನೊಂದೋ ಹನ್ನೊಂದೂವರೆಯೋ ಆಗಿತ್ತು.

ಅವ್ವ ಹೋದದ್ದು ಅದೇ ರಾತ್ರಿ ಹತ್ತಕ್ಕೆ.

ಬುಧವಾರ ಸಿಕ್ಕಲ್ಲಿ ಬಸ್ಸು, ಸಿಗದಲ್ಲಿ ನಡಿಗೆ. ಕುರ್ಲಾದ ಹತ್ತಿರ ರಸ್ತೆಯ ಮೇಲೆ ಎಮ್ಮೆಗಳು ಸತ್ತು ಬಿದ್ದಿದ್ದವು. ಮುಲುಂಡದ ಹತ್ತಿರ ಒಂದು ಟೆಂಪೋ ಸಿಕ್ಕಿತು. ರಾತ್ರಿ ಮನೆ ಮುಟ್ಟಿದಾಗ ಕರೆಂಟಿಲ್ಲ, ಫೋನಿಲ್ಲ. ಗುರುವಾರ ಮಧ್ಯಾಹ್ನ ಫೋನಿಗೆ ಜೀವ ಬಂತು. ಬಂದ ಮೊದಲನೆಯ ಕರೆಯೇ ಅಣ್ಣನದು. ಅವ್ವನ ಮಣ್ಣು ಹಿಂದಿನ ದಿನವೇ ಆಗಿತ್ತು.

ನಾನು ಧಾರವಾಡ ಮುಟ್ಟಿದ್ದು ಶನಿವಾರ. ಮನೆ ತುಂಬ ಜನ. 'ಪಾಪ, ಏನ್ ಮಾಡ್ತಾನ, ಟಿವಿಯೊಳಗ ನೋಡಿದಿವಲ್ಲ' ಅಂದರು. ಅಣ್ಣ ಏನೂ ಅನ್ನಲಿಲ್ಲ. ಅಕ್ಕ ನನ್ನ ಕಾಲು ನೋಡಿದಳು. ನೀರೊಳಗೆ ನಡೆದು ಬೂಟು ಕಚ್ಚಿ ಬೊಬ್ಬೆ ಎದ್ದಿದ್ದವು. ಬಿಸಿನೀರು ತಂದು ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿದಳು. ಬಂದವರಿಗೆಲ್ಲ ಹೇಳುತ್ತಿದ್ದಳು: 'ಅವ್ವನ ಸಲುವಾಗಿ ಅಷ್ಟು ನೀರಾಗ ನಡಕೊಂತ ಬಂದಾನ್ರಿ ನನ್ನ ತಮ್ಮ.'

ನಾನು ಸುಮ್ಮನಿದ್ದೆ. ಇನ್ನೊಬ್ಬರ ಹಣ ತಪ್ಪಿ ನನ್ನ ಖಾತೆಗೆ ಜಮಾ ಆಗಿತ್ತು, ನಾನು ಸುಮ್ಮನಿದ್ದೆ. ಹದಿನೆಂಟು ರೂಪಾಯಿಗೆ ಕೊನೆಯ ಲೋಕಲ್ ಬಿಟ್ಟವನು ಈ ನಮೂದನ್ನು ಹತ್ತೊಂಬತ್ತು ವರ್ಷ ಹಾಗೇ ಇಟ್ಟುಕೊಂಡೆ. ಅಣ್ಣನಿಗೆ ರವಿವಾರದ ಫೋನಿನ ವಿಷಯ ಗೊತ್ತಿತ್ತು. ನಾವಿಬ್ಬರೂ ಅದರ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. 2016ರಲ್ಲಿ ಅವನೂ ಹೋದ. ಆ ಇನ್‌ಸ್ಪೆಕ್ಷನ್ ಉತ್ತರಕ್ಕೆ ಏನಾಯಿತು ಅಂದಿರಾ? 'ದಾಖಲಿಸಿಕೊಳ್ಳಲಾಗಿದೆ' ಅಂತ ಒಂದು ಸಾಲು ಬಂತು, ಸೆಪ್ಟೆಂಬರಿನಲ್ಲಿ.

ಹೇಳಬೇಕು ಅಂತ ಊರಿಗೆ ಹೋದಾಗಲೆಲ್ಲ ಅಂದುಕೊಂಡಿದ್ದೇನೆ. ಸರಿಯಾದ ಸಮಯ, ಸರಿಯಾದ ಮಾತು ಕೂಡಿಬರಲಿ ಅಂತ ಬಿಟ್ಟಿದ್ದೇನೆ. ಒಮ್ಮೆ ಮದುವೆಮನೆ, ಒಮ್ಮೆ ಶ್ರಾವಣ, ಒಮ್ಮೆ ಭಾವನವರಿಗೆ ಆರಾಮಿಲ್ಲ. ಅಷ್ಟರಲ್ಲಿ ಅಕ್ಕನ ಕಿವಿ ಹೋಯಿತು. ಇಂಥ ಮಾತನ್ನು ಕಿವಿ ಕೇಳದವರ ಮುಂದೆ ಕೂಗಿ ಹೇಳುವುದು ಹೇಗೆ? ಉಳಿದದ್ದು ಕಾಗದವೊಂದೇ. ಅದನ್ನು ಅವಳೇ ಕೇಳಿದ್ದಳು.

ಹಾಗಾಗಿ ಗೆರೆಯ ಪ್ಯಾಡಿನ ಮೇಲೆ ಕಚ್ಚಾ ಪ್ರತಿಗಳು ಶುರುವಾದವು. ಮೊದಲನೆಯದು ನಾಲ್ಕು ಪುಟ. ತಾರೀಖು, ವಾರ, ಗಂಟೆ ಸಮೇತ. ಓದಿ ನೋಡಿದರೆ ಅದೇ ಇನ್‌ಸ್ಪೆಕ್ಷನ್ ಉತ್ತರ! 'ಸದರಿ ದಿನ ಬಸ್ಸಿನ ಲಭ್ಯತೆ ಇದ್ದಾಗ್ಯೂ' ಅಂತ ಬರೆದಿದ್ದೆ. ಹರಿದೆ. ಎರಡನೆಯದರಲ್ಲಿ ತಪ್ಪೆಲ್ಲ ನನ್ನದೇ ಅಂತ ಎಷ್ಟು ಅತ್ತಿದ್ದೆನೆಂದರೆ, ಓದಿದವರು ನನ್ನನ್ನೇ ಸಮಾಧಾನ ಮಾಡಬೇಕು, ಹಾಗಿತ್ತು. ಅದನ್ನೂ ಹರಿದೆ. ಮೂರನೆಯದು ಒಕ್ಕಣೆಯಲ್ಲೇ ನಿಂತಿತು. ಏಪ್ರಿಲ್ ಹೋಯಿತು, ಮೇ ಹೋಯಿತು. ದಿನಾ ಮುಂಜಾನೆ ಚಹಾ ಕುಡಿದು ಟೇಬಲ್ಲಿಗೆ ಕೂಡುವುದು, ಪೆನ್ನಿನ ನಿಬ್ಬು ತೊಳೆಯುವುದು, ನಿಘಂಟು ತೆರೆಯುವುದು. ಅಷ್ಟರಲ್ಲಿ ಸ್ನಾನಕ್ಕೆ ನೀರು ಕಾದಿರುತ್ತಿತ್ತು.

ಜೂನ್ 2024ರಲ್ಲಿ ಒಂದು ದಿನ ಪೋಸ್ಟಾಫೀಸಿಗೆ ಹೋಗಿದ್ದೆ. ಮಗಳ ಒಂದು ದಾಖಲೆಯನ್ನು ಸ್ಪೀಡ್ ಪೋಸ್ಟ್ ಮಾಡುವುದಿತ್ತು. ಕೌಂಟರಿನ ಹುಡುಗಿ ನನಗೆ ಎರಡು ರೂಪಾಯಿ ಚಿಲ್ಲರೆ ಕೊಡಬೇಕಿತ್ತು. ಚಿಲ್ಲರೆ ಇಲ್ಲ ಕಾಕಾ ಅಂದು, ನಾಲ್ಕು ಪೋಸ್ಟ್ ಕಾರ್ಡು ಎಣಿಸಿ ಕೊಟ್ಟಳು. ಒಂದಕ್ಕೆ ಐವತ್ತು ಪೈಸೆ. ಲೆಕ್ಕ ಸರಿಯಿತ್ತು, ನಾನು ಜಗಳಾಡುವ ಹಾಗಿರಲಿಲ್ಲ.

ಹೊರಗೆ ಜೋರು ಮಳೆ. ಛತ್ರಿ ಒಯ್ದಿರಲಿಲ್ಲ. ಗೋಂದಿನ ಬಟ್ಟಲು ಇಡುವ ಆ ಎತ್ತರದ ಟೇಬಲ್ಲಿನ ಹತ್ತಿರ ನಿಂತೆ. ದಾರ ಕಟ್ಟಿದ ಒಂದು ಬಾಲ್‌ಪೆನ್ನು ತೂಗಾಡುತ್ತಿತ್ತು. ಕೈಯಲ್ಲಿ ಕಾರ್ಡಿತ್ತು. ಮಳೆ ನಿಲ್ಲುವತನಕ ಮಾಡಲು ಬೇರೆ ಕೆಲಸವಿರಲಿಲ್ಲ. ಬರೆದೆ:

'ಅಕ್ಕಾ, ಇಲ್ಲಿ ಮಳೆ ಹತ್ತಿದೆ. ಗ್ಯಾಲರಿಯ ಕರಿಬೇವಿಗೆ ಹುಳ ಬಿದ್ದಾವ. ಸೊಸೆಗೆ ಹೇಳು, ಕಳಿಸಿದ ಚಟ್ನಿಪುಡಿ ಮುಗಿದಿದೆ. ನನ್ನ ಮೊಣಕಾಲೂ ಈಗ ಅವ್ವನದರಂತೆ ಮೆಟ್ಟಿಲಿಗೆ ಕಟಕಟ ಅಂತಾವ. ಬೇರೆ ವಿಷೇಶ ಇಲ್ಲ.'

ಪೆನ್ನು ನಡುನಡುವೆ ಮೂಡುತ್ತಿರಲಿಲ್ಲ, ಎರಡು ಕಡೆ ಒತ್ತಿ ತಿದ್ದಿದೆ. ದಾರ ಗಿಡ್ಡವಾಗಿದ್ದರಿಂದ ಸಾಲುಗಳು ಬಲಕ್ಕೆ ಹೋದಂತೆ ಮೇಲಕ್ಕೇರಿದ್ದವು. ಹಿಂದೆ ಒಬ್ಬ ಮುದುಕಿ ಗೋಂದಿಗೆ ಕಾಯುತ್ತ ನಿಂತಿದ್ದಳು. ಸರಿದು ಜಾಗ ಕೊಡಬೇಕಿತ್ತು. ವಿಳಾಸ ಬರೆದು ಡಬ್ಬಿಯೊಳಗೆ ಬಿಟ್ಟೆ. ಬಿಟ್ಟ ಮೇಲೆ ಎದೆ ಧಸಕ್ಕೆಂದಿತು. ಓದಿ ನೋಡಿಯೇ ಇರಲಿಲ್ಲ.

ಹತ್ತು ದಿನಕ್ಕೆ ಉತ್ತರ ಬಂತು. ಕಾರ್ಡಿನ ತುಂಬ, ಅಂಚಿನಲ್ಲೂ ಅಕ್ಷರ. 'ಕಾರ್ಡು ಮುಟ್ಟಿತು. ಮೂರು ಸಲ ಓದಿದೆ. ಕರಿಬೇವಿಗೆ ಒಲಿ ಬೂದಿ ಹಾಕು, ನಿಮ್ಮಲ್ಲಿ ಬೂದಿ ಎಲ್ಲಿಂದ ಬರಬೇಕು, ಹುಳಿ ಮಜ್ಜಿಗಿ ಸಿಂಪಡಿಸು. ವಿಶೇಷ ಅನ್ನೂದನ್ನ ತಪ್ಪು ಬರದಿ. ಮೊದಲ ಶ, ಆಮ್ಯಾಲ ಷ. ಹತ್ತು ಸಲ ಬರಿ.'

ನಿಘಂಟು ಟೇಬಲ್ಲಿನ ಮೇಲೆ ಇಟ್ಟುಕೊಂಡು ಏಳು ತಿಂಗಳು ಹೆದರಿದ್ದು ಇದಕ್ಕೇ. ತಪ್ಪು ಸಿಕ್ಕಿಯೂ ಬಿಟ್ಟಿತು. ಅಕ್ಕನಿಗೆ ಅದರಿಂದ ಎಷ್ಟು ಖುಷಿಯಾಗಿತ್ತು ಅನ್ನುವುದು ಆ 'ಹತ್ತು ಸಲ ಬರಿ' ಅನ್ನುವುದರಲ್ಲೇ ಕಾಣುತ್ತಿತ್ತು. ತಿದ್ದಲಿಕ್ಕೆ ಅವಳಿಗೆ ಬಹಳ ದಿನದಿಂದ ಯಾರೂ ಇರಲಿಲ್ಲ.

ಉಳಿದ ಮೂರು ಕಾರ್ಡುಗಳೂ ಖರ್ಚಾದವು. ಮತ್ತೆ ಹತ್ತು ತಂದೆ. ಕಾರ್ಡಿನ ಗುಣವೆಂದರೆ ಅದರಲ್ಲಿ ಜಾಗವಿಲ್ಲ. ಹತ್ತು ಸಾಲಿಗೆ ಮುಗಿಯಬೇಕು, ಮುಗಿಯುತ್ತದೆ. ಎಲ್ಲವನ್ನೂ ಹೇಳಿ ಪೂರೈಸುತ್ತೇನೆ ಅನ್ನುವ ಆಸೆಗೇ ಅಲ್ಲಿ ಸ್ಥಳವಿಲ್ಲ. ಬಿಲ್ಡಿಂಗಿನ ನೀರಿನ ಟ್ಯಾಂಕರಿನ ಜಗಳ, ಲೋಕಲ್ಲಿನಲ್ಲಿ ಸಿಕ್ಕ ಗದಗಿನವನು, ಮೊಮ್ಮಗಳು 'ಅಜ್ಜಾ' ಅನ್ನದೆ 'ಆಜೋಬಾ' ಅನ್ನುವುದು, ಇಂಥವೇ. ಚೊಲೋ ಪೆನ್ನನ್ನು ಹೆಂಡತಿ ಕಿರಾಣಿ ಯಾದಿ ಬರೆಯಲು ತೆಗೆದುಕೊಂಡಳು. ನಾನು ಬೇಡ ಅನ್ನಲಿಲ್ಲ.

ಆದರೆ ಆ ವಿಷಯವನ್ನು ಕಾರ್ಡಿನ ಮೇಲೆ ಬರೆಯಲು ಬರುವುದಿಲ್ಲ. ಪೋಸ್ಟ್‌ಮ್ಯಾನ್ ಓದುತ್ತಾನೆ, ಸೊಸೆ ಓದುತ್ತಾಳೆ. ಆಗಸ್ಟಿನಲ್ಲಿ ಒಂದು ಇನ್‌ಲ್ಯಾಂಡ್ ತಂದೆ. ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹೆಂಡತಿ ಮಲಗಿದ್ದಾಗ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡು ನಿಂತೇ ಬರೆದೆ. ಟೇಬಲ್ಲಿಗೆ ಕೂತರೆ ಮ್ಯಾನೇಜರನ ಭಾಷೆ ಬರುತ್ತದೆ ಅನ್ನುವುದು ಅಷ್ಟರಲ್ಲಿ ತಿಳಿದಿತ್ತು. ಒಕ್ಕಣೆಯ ಜಾಗ ಖಾಲಿ ಬಿಟ್ಟೆ, ಸಸ್ಪೆನ್ಸ್ ಖಾತೆಗೆ ಹಾಕಿದ ಹಾಗೆ. ನಡುವಿನಿಂದ ಶುರುಮಾಡಿದೆ.

'ಅವ್ವ ಹೋದ ವಾರ ನಾ ರವಿವಾರ ರಾತ್ರಿನೇ ಹೊರಡಬಹುದಿತ್ತು. ಅಣ್ಣ ಫೋನ್ ಮಾಡಿದ್ದ. ಬ್ಯಾಂಕಿನ ಕೆಲಸ ಇತ್ತು ಅಂತ ಉಳಿದೆ. ಅದನ್ನ ಬ್ಯಾರೆಯವರೂ ಮಾಡತಿದ್ದರು. ಮಳಿ ಕಾರಣ ಅಲ್ಲ. ನೀ ನನ್ನ ಕಾಲಿಗೆ ಎಣ್ಣಿ ಹಚ್ಚಿದಿ, ಆಗೂ ನಾ ಹೇಳಲಿಲ್ಲ.'

ಇಷ್ಟೇ. ಹತ್ತೊಂಬತ್ತು ವರ್ಷ ಇದಕ್ಕೆ ಸರಿಯಾದ ಶಬ್ದ ಹುಡುಕಿದ್ದೆ. ಉಳಿದ ಜಾಗದಲ್ಲಿ ಏನೇನೋ ಬರೆದೆ, ಎರಡು ಕಡೆ ಕಾಟು ಹೊಡೆದೆ. ಕೊನೆಗೆ ಮೇಲೆ ಖಾಲಿ ಬಿಟ್ಟಲ್ಲಿ 'ಅಕ್ಕಾ' ಅಂತ ಬರೆದೆ. ಹೆಂಡತಿ ಆರು ತಿಂಗಳ ಹಿಂದೆ ಹೇಳಿದ್ದೂ ಇದನ್ನೇ. ಅಂಟಿಸಿ, ಚಪ್ಪಲಿ ಹಾಕಿಕೊಂಡು ಹಾಗೇ ಕೆಳಗಿಳಿದು ಹೋಗಿ ಡಬ್ಬಿಗೆ ಹಾಕಿ ಬಂದೆ. ಮನೆಯಲ್ಲಿ ಒಂದು ರಾತ್ರಿ ಇಟ್ಟಿದ್ದರೆ ಚೆಂದಗೆ ಇನ್ನೊಂದು ಪ್ರತಿ ಬರೆಯಲು ಕೂಡುತ್ತಿದ್ದೆ ಅನ್ನುವುದು ನನಗೆ ಗೊತ್ತು.

ಹತ್ತು ದಿನವಾಯಿತು, ಉತ್ತರವಿಲ್ಲ. ಹದಿನೈದಾಯಿತು. ಅಳಿಯನಿಗೆ ಫೋನು ಮಾಡಿ 'ಅಕ್ಕ ಆರಾಮಿದ್ದಾಳೇನು?' ಅಂದೆ. 'ಆರಾಮಿದ್ದಾಳ್ರಿ ಮಾಮಾ. ನಿಮ್ಮ ಕಾಗದ ಬಂದದ. ಯಾರ ಕೈಯಾಗೂ ಕೊಡವಲ್ಲಳು, ದಿಂಬಿನ ಕೆಳಗ ಇಟ್ಟಕೊಂಡಾಳ' ಅಂದ. ಮುಂದೆ ಕೇಳಲು ಧೈರ್ಯವಾಗಲಿಲ್ಲ. ರಾತ್ರಿ ನಿದ್ದೆಯಲ್ಲಿ ಆ ನಾಲ್ಕು ಸಾಲನ್ನು ಎಷ್ಟು ಸಲ ತಿದ್ದಿ ಬರೆದೆನೋ.

ಇಪ್ಪತ್ನಾಲ್ಕನೆಯ ದಿನ ಇನ್‌ಲ್ಯಾಂಡ್ ಬಂತು. ಅಕ್ಕನದು. ಈ ಸಲ ಅಂಚಿನಲ್ಲಿ ಏನೂ ಬರೆದಿರಲಿಲ್ಲ.

'ನೀ ರವಿವಾರ ಬರಬಹುದಿತ್ತು ಅನ್ನೂದು ನನಗ ಅವತ್ತೇ ಗೊತ್ತಿತ್ತು. ಅಣ್ಣ ಫೋನ್ ಮಾಡುವಾಗ ನಾ ಬಾಜೂಕ ನಿಂತಿದ್ದೆ. ನೀ ಬಂದಾಗ ನಿನ್ನ ಮಾರಿ ನೋಡಿ ಏನೂ ಅನ್ನಬಾರದು ಅಂತ ಅನಿಸ್ತು, ಅದಕ್ಕ ಮಂದಿ ಮುಂದ ಹಂಗಂದೆ. ಸಿಟ್ಟು ಬಾಳ ಇತ್ತು. ಈಗೂ ಒಂದೀಟು ಅದ, ಸುಳ್ಳು ಯಾಕ ಹೇಳಲಿ. ಆದರ ನಾನೂ ನಿನ್ನ ಮುಂದ ಒಂದು ಮಾತು ಮುಚ್ಚಿಟ್ಟೀನಿ. ಸೋಮವಾರ ರಾತ್ರಿ ಅವ್ವ ನಿನ್ನ ಹೆಸರ ಹಿಡದು ಒಂದು ಮಾತು ಹೇಳಿದಳು. ಅಣ್ಣಗೂ ಕೇಳಿಸಿಲ್ಲ ಅದು. ನಿನಗ ಬೇಕೋ ಬ್ಯಾಡೋ ಬರಿ. ಬೇಕಂದರ ಬರೀತೀನಿ. ಸುಮ್ಮಸುಮ್ಮನ ಬರಿಯಾಂಗಿಲ್ಲ.'

ಅದರ ಕೆಳಗೆ, ಬೇರೆ ಪೆನ್ನಿನಲ್ಲಿ: 'ವಿಶೇಷ ಹತ್ತು ಸಲ ಬರದು ಕಳಸಿಲ್ಲ ಇನ್ನಾ.'

ಗ್ಯಾಲರಿಯಲ್ಲಿ ಕೂತು ಅದನ್ನು ಓದಿದೆ. ಹೆಂಡತಿ ಬಂದು ಕೇಳಿದಳು, ಕೈಗೆ ಕೊಟ್ಟೆ. ಓದಿ ಮಡಚಿ ವಾಪಸು ಕೊಟ್ಟಳು, ಏನೂ ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದಳು: 'ಏನ್ ಬರೀತೀರಿ?'

ಕಾರ್ಡುಗಳು ಡ್ರಾವರಿನಲ್ಲಿದ್ದವು. ಒಂದು ತೆಗೆದುಕೊಂಡ ಮೇಲೂ ಸಂಜೆಯವರೆಗೆ ಹಾಗೇ ಕೂತಿದ್ದೆ, ಸುಳ್ಳು ಹೇಳುವುದಿಲ್ಲ. ಬೇಕು ಅಂತ ಬರೆಯಲೋ, ಕಾರಣ ಸಹಿತ ಬರೆಯಲೋ, ಅವ್ವ ಬೈದಿದ್ದರೂ ಬರಿ ಅಂತ ಸೇರಿಸಲೋ. ದೀಪ ಹಚ್ಚುವ ಹೊತ್ತಿಗೆ ಕಾರ್ಡಿನ ಮೇಲೆ 'ವಿಶೇಷ' ಅಂತ ಹತ್ತು ಸಲ ಬರೆದೆ. ಮೊದಲು ಶ, ಆಮೇಲೆ ಷ. ಕೆಳಗೆ ಒಂದು ಸಾಲಿನ ಜಾಗ ಉಳಿದಿತ್ತು. ಅಲ್ಲಿ 'ಬೇಕು' ಅಂತ ಬರೆದು ಹಾಕಿ ಬಂದೆ.

ಅದನ್ನು ಹಾಕಿ ಇವತ್ತಿಗೆ ಎಂಟು ದಿನ. ನವಲಗುಂದದಿಂದ ಟಪಾಲು ಬರಲು ನಾಲ್ಕೈದು ದಿನ ಹಿಡಿಯುತ್ತದೆ. ನಮ್ಮ ಬಿಲ್ಡಿಂಗಿಗೆ ಪೋಸ್ಟ್‌ಮ್ಯಾನ್ ಬರುವುದು ಹನ್ನೆರಡರ ಸುಮಾರಿಗೆ. ಈಗ ಹನ್ನೊಂದೂಕಾಲು.